ಡೆಸ್ಕ್‌ಟಾಪಿಗೆ ಮೊಬೈಲ್ ಥರ ಟಚ್ ಬೇಕಾ? ಯಾವ ದಾರಿ ಯಾರಿಗೆ ಸರಿಹೋಗತ್ತೆ

ಇಡೀ ದಿನ ಫೋನ್ ತಿಕ್ಕಿ ರೂಢಿ ಆದವ್ರು ಡೆಸ್ಕ್‌ಟಾಪ್ ಮುಂದೆ ಕೂತ್ರೆ ಕೈ ತಾನಾಗೇ ಸ್ಕ್ರೀನ್ ಕಡೆ ಹೋಗತ್ತೆ, ಆಮೇಲೆ ಬರೋ ಯೋಚನೆ ಟಚ್ ಮಾನಿಟರ್ ಒಂದು ತಗೊಂಡ್ಬಿಡೋಣ ಅಂತ. ತಡೀರಿ. "ನಂಗೆ ಟಚ್ ಬೇಕು" ಅನ್ನೋರನ್ನ ಸ್ವಲ್ಪ ಕೆದಕಿ ಕೇಳಿದ್ರೆ ಒಳಗಿರೋ ಆಸೆ ಬೇರೆ ಬೇರೆ ಇರತ್ತೆ. ಒಬ್ರಿಗೆ ಬೇಕಿರೋದು ಪುಟ ಸರಾಗವಾಗಿ ಜಾರೋದು, ಎರಡು ಬೆರಳಲ್ಲಿ ಜೂಮ್ ಆಗೋದು, ಅಷ್ಟೇ. ಇನ್ನೊಬ್ರಿಗೆ ಫೋನಲ್ಲಿರೋ ಯಾವ್ದೋ ಒಂದು ಆಪ್ ದೊಡ್ಡ ಪರದೆ ಮೇಲೆ ಓಡ್ಬೇಕು, ಮತ್ತೊಬ್ರಿಗೆ ಚಿತ್ರ ಬಿಡಿಸ್ಬೇಕು, ಕೆಲವ್ರಿಗೆ ಮಾತ್ರ ನಿಜವಾಗ್ಲೂ ಸ್ಕ್ರೀನ್ ಮುಟ್ಟಿನೇ ಕೆಲಸ ಆಗ್ಬೇಕು. ಟಚ್ ಮಾನಿಟರ್ ಸರಿಯಾದ ಉತ್ತರ ಆಗೋದು ಈ ಕೊನೆಯವ್ರಿಗೆ, ಅದೂ ಸ್ಕ್ರೀನ್ ಎಲ್ಲಿ ಹೇಗೆ ಕೂತಿದೆ ಅನ್ನೋದರ ಮೇಲೆ. ಉಳಿದವ್ರಿಗೆ ಇದಕ್ಕಿಂತ ಕಡಿಮೆ ತಲೆನೋವಿನ ದಾರಿಗಳಿವೆ.

ಟಚ್ ಮಾನಿಟರ್

ಮೊದ್ಲು ಕೈ ವಿಷಯ ಮಾತಾಡೋಣ, ಯಾಕಂದ್ರೆ ಜಾಹೀರಾತಲ್ಲಿ ಇದನ್ನ ಯಾರೂ ಹೇಳಲ್ಲ. ಫೋನ್ ಇರೋದು ಅಂಗೈಯಲ್ಲಿ, ಟ್ಯಾಬ್ಲೆಟ್ ಇರೋದು ತೊಡೆ ಮೇಲೆ, ಅಂದ್ರೆ ತೋಳಿಗೆ ಒಂದು ಆಸರೆ ಇದ್ದೇ ಇರತ್ತೆ. ಡೆಸ್ಕ್‌ಟಾಪ್ ಮಾನಿಟರ್ ನೆಟ್ಟಗೆ ನಿಂತಿರತ್ತೆ, ಕಣ್ಣಿಂದ ಒಂದು ತೋಳಿನಷ್ಟು ದೂರ, ಪ್ರತಿ ಸಲ ಮುಟ್ಬೇಕಂದ್ರೆ ತೋಳನ್ನ ಗಾಳಿಯಲ್ಲಿ ಎತ್ತಿ ಹಿಡೀಬೇಕು, ಐದು ನಿಮಿಷ ಪರವಾಗಿಲ್ಲ, ಅರ್ಧ ಗಂಟೆ ಆದ್ಮೇಲೆ ಭುಜ ತನ್ನ ಕಥೆ ಹೇಳೋಕೆ ಶುರು ಮಾಡತ್ತೆ. ಇದು ಹೊಸ ವಿಷಯ ಏನಲ್ಲ. ಎಚ್‌ಪಿ ಕಂಪನಿ 1983ರಲ್ಲೇ ಎಚ್‌ಪಿ-150 ಅಂತ ಟಚ್‌ಸ್ಕ್ರೀನ್ ಕಂಪ್ಯೂಟರ್ ತಂದಿತ್ತು, ಪರದೆ ಸುತ್ತ ಇನ್‌ಫ್ರಾರೆಡ್ ಕಿರಣಗಳ ಜಾಲ ಹಾಕಿ ಬೆರಳು ಎಲ್ಲಿದೆ ಅಂತ ಕಂಡುಹಿಡಿಯೋದು. ಈ ತೋಳು ನೋವಿಗೆ ಗೊರಿಲ್ಲಾ ಆರ್ಮ್ ಅಂತ ಹೆಸರೇ ಬಿದ್ದಿದೆ. ಸ್ಟೀವ್ ಜಾಬ್ಸ್ 2010ರ ಅಕ್ಟೋಬರಲ್ಲಿ ವೇದಿಕೆ ಮೇಲೆ ನಿಂತು, ನೆಟ್ಟಗಿರೋ ಪರದೆಗೆ ಟಚ್ ಹೊಂದಲ್ಲ, ನಾವು ಪರೀಕ್ಷೆ ಮಾಡಿ ನೋಡಿದೀವಿ, ಸ್ವಲ್ಪ ಹೊತ್ತಲ್ಲಿ ಕೈ ಸೋತು ಹೋಗತ್ತೆ ಅನ್ನೋ ಅರ್ಥದಲ್ಲಿ ಹೇಳಿದ್ರು. ಆಪಲ್ ಹೇಳಿದ್ದೆಲ್ಲಾ ವೇದವಾಕ್ಯ ಅಲ್ಲ, ಆದ್ರೆ ಇದೊಂದರಲ್ಲಿ ನಾನು ಅವ್ರ ಕಡೆ.

ದುಡ್ಡು ಕೊಡೋ ಮುಂಚೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಈಗಿರೋ ಮಾನಿಟರ್ ಮುಂದೆ ಮಾಮೂಲಿ ಕೂತ್ಕೊಳ್ಳೋ ಹಾಗೆ ಕೂತು, ಟಚ್ ಇದೆ ಅಂತಲೇ ಅಂದ್ಕೊಂಡು, ಪ್ರತಿ ಸ್ಕ್ರೋಲಿಗೂ ಪ್ರತಿ ಕ್ಲಿಕ್ಕಿಗೂ ಮೊದ್ಲು ಬೆರಳಿಂದ ಗಾಜು ಮುಟ್ಟಿ, ಆಮೇಲೆ ಮೌಸಲ್ಲಿ ಆ ಕೆಲಸ ಮಾಡಿ. ಹದಿನೈದು ನಿಮಿಷ ಹೀಗೆ ಮಾಡಿ ನೋಡಿ, ಎರಡು ವಿಷಯ ಗೊತ್ತಾಗತ್ತೆ, ನಿಮ್ಮ ಭುಜ ಎಷ್ಟು ತಾಳತ್ತೆ ಅನ್ನೋದು ಒಂದು, ನಿಮ್ಮ ಸ್ಟ್ಯಾಂಡ್ ಎಷ್ಟು ಅಲ್ಲಾಡತ್ತೆ ಅನ್ನೋದು ಇನ್ನೊಂದು. ಸಾಧಾರಣ ಮಾನಿಟರ್ ಸ್ಟ್ಯಾಂಡನ್ನ ಯಾರೋ ಚುಚ್ತಾ ಇರ್ತಾರೆ ಅಂತ ಯೋಚಿಸಿ ಮಾಡಿರಲ್ಲ, ಮುಟ್ಟಿದಾಗೆಲ್ಲ ತೂಗಾಡತ್ತೆ, ಓದ್ತಿರೋ ಅಕ್ಷರನೂ ಜೊತೆಗೇ ತೂಗಾಡತ್ತೆ.

ಹಾಗಾದ್ರೆ ಟಚ್ ಮಾನಿಟರ್ ಯಾರಿಗೆ ಸರಿ? ಸ್ಕ್ರೀನನ್ನ ಮೇಜಿನ ಮೇಲೆ ಇಳಿಜಾರಾಗಿ ಮಲಗಿಸಿ ಇಟ್ಕೊಳ್ಳೋರಿಗೆ, ನಿಂತ್ಕೊಂಡು ಕೆಲಸ ಮಾಡೋರಿಗೆ, ಬಿಲ್ಲಿಂಗ್ ಕೌಂಟರ್ ಥರ ದೊಡ್ಡ ಬಟನ್ ಎರಡು ಸಲ ಒತ್ತಿ ಮುಗಿಸೋ ಕೆಲಸಕ್ಕೆ, ಪಾಠ ಮಾಡೋರಿಗೆ, ಆಡಿಯೋ ಮಿಕ್ಸಿಂಗಲ್ಲಿ ಒಂದೇ ಸಲಕ್ಕೆ ಎರಡು ಮೂರು ಫೇಡರ್ (ಧ್ವನಿ ಏರಿಳಿಸೋ ಜಾರುಗುಂಡಿ) ಎಳೆಯೋರಿಗೆ, ಮೌಸ್ ಹಿಡಿಯೋಕೆ ಬೆರಳು ಮಣಿಕಟ್ಟು ಸಹಕರಿಸದೇ ಇರೋರಿಗೆ. ಈ ಕೊನೆಯವ್ರಿಗೆ ಇದು ಶೋಕಿ ಅಲ್ಲ, ಬೇಕೇ ಬೇಕಾದ ವಸ್ತು. ಮೈಕ್ರೋಸಾಫ್ಟ್ 2016ರಲ್ಲಿ ತಂದ ಸರ್ಫೇಸ್ ಸ್ಟುಡಿಯೋದಲ್ಲಿ 28 ಇಂಚಿನ ಪರದೆನ 20 ಡಿಗ್ರಿ ತನಕ ಮಲಗಿಸ್ಬಹುದಿತ್ತು, ಡೆಸ್ಕ್‌ಟಾಪ್ ಟಚ್ ಅಂದ್ರೆ ಏನು ಬೇಕು ಅನ್ನೋದನ್ನ ಸರಿಯಾಗಿ ಅರ್ಥ ಮಾಡ್ಕೊಂಡು ಮಾಡಿದ್ದು ಅದು. ಸಾದಾ ಟಚ್ ಮಾನಿಟರ್ ತಗೊಂಡ್ರೂ ಸ್ಟ್ಯಾಂಡ್ ಎಷ್ಟು ಹಿಂದಕ್ಕೆ ಬಾಗತ್ತೆ ಅಂತ ಮೊದ್ಲು ನೋಡಿ, ರೆಸಲ್ಯೂಷನ್ ಆಮೇಲೆ.

ಇನ್ನು ತಗೊಂಡ್ಮೇಲೆ ಕಾಡೋ ವಿಷಯಗಳು. ಎಚ್‌ಡಿಎಂಐ ವೈರ್ ಚಿತ್ರ, ಶಬ್ದ ಮಾತ್ರ ಒಯ್ಯತ್ತೆ, ಟಚ್ ಮಾಹಿತಿ ವಾಪಸ್ ಬರೋಕೆ ಯುಎಸ್‌ಬಿ ವೈರೂ ಹಾಕ್ಬೇಕು, ಅದು ಹಾಕ್ದೆ "ಟಚ್ ವರ್ಕ್ ಆಗ್ತಿಲ್ಲ" ಅನ್ನೋರು ಬಹಳ ಜನ. ಎರಡು ಮಾನಿಟರ್ ಇದ್ರೆ ಇನ್ನೊಂದು ತಮಾಷೆ, ಬಲಗಡೆ ಸ್ಕ್ರೀನ್ ಮುಟ್ಟಿದ್ರೆ ಎಡಗಡೆ ಸ್ಕ್ರೀನಲ್ಲಿ ಕ್ಲಿಕ್ ಆಗತ್ತೆ. ಮಾನಿಟರ್ ಕೆಟ್ಟಿಲ್ಲ, ಯಾವ ಟಚ್ ಯಾವ ಪರದೆದು ಅಂತ ವಿಂಡೋಸಿಗೆ ಗೊತ್ತಾಗಿಲ್ಲ ಅಷ್ಟೇ, ಕಂಟ್ರೋಲ್ ಪ್ಯಾನೆಲ್ ಒಳಗೆ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸಿಗೆ ಹೋಗಿ ಸೆಟಪ್ ಒತ್ತಿದ್ರೆ ಯಾವುದನ್ನ ಮುಟ್ಬೇಕು ಅಂತ ಅದೇ ಕೇಳತ್ತೆ. ಮ್ಯಾಕಿಗೆ ಹಾಕೋ ಪ್ಲಾನ್ ಇದ್ರೆ ಇನ್ನೊಮ್ಮೆ ಯೋಚನೆ ಮಾಡಿ, ಟಚ್ ಮಾನಿಟರ್‌ಗಳಿಗೆ ಮ್ಯಾಕ್ಓಎಸ್ ತಾನಾಗಿ ಸಪೋರ್ಟ್ ಕೊಡಲ್ಲ, ಬೆರಳಿನ ಜೆಸ್ಚರ್ ಎಲ್ಲಾ ಬರ್ಬೇಕಂದ್ರೆ ಹೊರಗಿನವ್ರ ಡ್ರೈವರಿಗೆ ಬೇರೆ ದುಡ್ಡು. ದೊಡ್ಡ ಟಿವಿಗೆ ಹೊರಗಿಂದ ಕೂರಿಸೋ ಇನ್‌ಫ್ರಾರೆಡ್ ಫ್ರೇಮ್‌ಗಳೂ ಸಿಗ್ತವೆ, ಗೋಡೆ ಮೇಲಿನ ಪಾಠಕ್ಕೆ ಓಕೆ, ಆದ್ರೆ ಬೆರಳು ಗಾಜಿಗೆ ತಾಗೋ ಮುಂಚೆನೇ ಒತ್ತಿದ ಹಾಗೆ ಆಗತ್ತೆ, ಅಂಗಿ ತೋಳು ತಾಗಿದ್ರೂ ಟಚ್ ಅಂತಲೇ ಲೆಕ್ಕ.

ಬಟನ್ ಸೈಜ್ ಲೆಕ್ಕ

ಟಚ್ ಮಾನಿಟರ್ ತಗೊಂಡು ಬೇಜಾರಾಗೋಕೆ ತೋಳು ಬಿಟ್ರೆ ಎರಡನೇ ಕಾರಣ ಇದು. ಆಂಡ್ರಾಯ್ಡಲ್ಲಿ ಒತ್ತೋ ಜಾಗ ಕನಿಷ್ಠ 48 ಡಿಪಿ ಇರ್ಲಿ ಅಂತಾರೆ, ಅಂದ್ರೆ ಸುಮಾರು 9 ಮಿಲಿಮೀಟರ್, ಆಪಲ್ ಕಡೆ 44 ಪಾಯಿಂಟ್. ಈಗ ಡೆಸ್ಕ್‌ಟಾಪಿಗೆ ಬನ್ನಿ. 24 ಇಂಚಿನ ಫುಲ್ ಎಚ್‌ಡಿ ಮಾನಿಟರಲ್ಲಿ ವಿಂಡೋಸಿನ ಹಳೇ ಶೈಲಿ ಸ್ಕ್ರೋಲ್‌ಬಾರ್ 17 ಪಿಕ್ಸೆಲ್ ಅಗಲ, ಅಳತೆ ಹಾಕಿದ್ರೆ 5 ಮಿಲಿಮೀಟರಿಗೂ ಕಮ್ಮಿ. ಅದೇ 27 ಇಂಚಿನ 4ಕೆ ತಗೊಂಡು ಸ್ಕೇಲಿಂಗ್ (ಅಕ್ಷರ ಬಟನ್ ಎಲ್ಲಾ ದೊಡ್ಡದು ಮಾಡೋ ಸೆಟ್ಟಿಂಗ್) 100 ಪರ್ಸೆಂಟಲ್ಲೇ ಬಿಟ್ರೆ ಎರಡೂವರೆ ಮಿಲಿಮೀಟರ್ ಚಿಲ್ಲರೆ, ಅದನ್ನ ಬೆರಳಲ್ಲಿ ಹಿಡಿಯೋದು ದೇವರಿಗೇ ಪ್ರೀತಿ. ಸ್ಕೇಲಿಂಗ್ ಏರಿಸ್ಬಹುದು, 125, 150, ಆದ್ರೆ ಏರಿಸ್ದಷ್ಟೂ ಪರದೆ ಮೇಲೆ ಹಿಡಿಯೋ ಸಾಮಾನು ಕಮ್ಮಿ ಆಗತ್ತೆ, ದೊಡ್ಡ ಮಾನಿಟರ್ ಯಾಕೆ ತಗೊಂಡ್ವಿ ಅನ್ನೋ ಪ್ರಶ್ನೆ ಬರತ್ತೆ. ಇನ್ನೊಂದು ಕಷ್ಟ ಹೋವರ್. ಮೌಸಾದ್ರೆ ಒತ್ತದೇ ಮೇಲೆ ನಿಂತು ಏನಿದು ಅಂತ ನೋಡ್ಬಹುದು, ಮೆನು ತೆರ್ಕೊಳ್ಳತ್ತೆ, ಟೂಲ್‌ಟಿಪ್ ಬರತ್ತೆ, ಬೆರಳಿಗೆ ಆ ಮಧ್ಯದ ಸ್ಥಿತಿನೇ ಇಲ್ಲ, ಮುಟ್ಟಿದ್ರೆ ಮುಟ್ಟಿದ ಹಾಗೆ. ಬಲ ಕ್ಲಿಕ್ಕಿಗೆ ಒತ್ತಿ ಹಿಡ್ಕೊಂಡು ಕಾಯ್ಬೇಕು, ಎಕ್ಸೆಲ್ ಶೀಟಲ್ಲಿ ಒಂದು ಸೆಲ್ಲಿನ ಮೂಲೆ ಹಿಡಿದು ಎಳೆಯೋಕೆ ಹೋದ್ರೆ ಇಡೀ ಶೀಟೇ ಜಾರಿ ಹೋಗತ್ತೆ.

ಹಾಗಂತ ಬೆರಳಿಗೆ ತಕ್ಕ ಹಾಗೆ ಇಡೀ ಡೆಸ್ಕ್‌ಟಾಪನ್ನೇ ಬದಲಾಯಿಸಿದ್ರೆ? ಅದನ್ನೂ ಮಾಡಿ ನೋಡಿ ಆಗಿದೆ. 2012ರ ಅಕ್ಟೋಬರಲ್ಲಿ ಬಂದ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ಕಿತ್ತು ಪರದೆ ತುಂಬಾ ಟೈಲ್ಸ್ ಹಾಕಿದ್ರು, ಕಂಪ್ಯೂಟರ್ ಆಫ್ ಮಾಡ್ಬೇಕಂದ್ರೆ ಮೌಸನ್ನ ಮೂಲೆಗೆ ಒಯ್ದು ಚಾರ್ಮ್ಸ್ ಪಟ್ಟಿ ಕರೆದು ಸೆಟ್ಟಿಂಗ್ಸ್ ಒತ್ತಿ ಆಮೇಲೆ ಪವರ್. ಟ್ಯಾಬ್ಲೆಟಲ್ಲಿ ಅದು ನಿಜಕ್ಕೂ ಚೆನ್ನಾಗೇ ಇತ್ತು, ಅಂಚಿಂದ ಬೆರಳು ಎಳೆದ್ರೆ ಎಲ್ಲಾ ಸರಾಗ, ಆದ್ರೆ ಬಹುಪಾಲು ಜನರ ಮೇಜಿನ ಮೇಲಿದ್ದದ್ದು ಟಚ್ಚೇ ಇಲ್ಲದ ಮಾನಿಟರ್ ಮತ್ತೆ ಮೌಸ್. ಮಾರನೇ ವರ್ಷ 8.1ರಲ್ಲಿ ಸ್ಟಾರ್ಟ್ ಬಟನ್ ವಾಪಸ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನುನೇ ವಾಪಸ್ ಬಂತು. ಉಬುಂಟು ಅನ್ನೋ ಲಿನಕ್ಸ್ ಓಎಸ್ ಮಾಡೋರೂ ಫೋನಿಗೂ ಡೆಸ್ಕ್‌ಟಾಪಿಗೂ ಒಂದೇ ಇಂಟರ್‌ಫೇಸ್ ಅಂತ ಯೂನಿಟಿ 8 ಹಿಂದೆ ವರ್ಷಗಟ್ಟಲೆ ಓಡಿ 2017ರಲ್ಲಿ ಕೈಬಿಟ್ಟು ಗ್ನೋಮ್ ಅನ್ನೋ ಡೆಸ್ಕ್‌ಟಾಪ್ ಇಂಟರ್‌ಫೇಸಿಗೆ ಹೋದ್ರು. ಅದಕ್ಕೇ ಹೇಳೋದು, ಟಚ್ ಇಲ್ಲದ ಯಂತ್ರದ ಮೇಲೆ ಟ್ಯಾಬ್ಲೆಟ್ ಥರ ಕಾಣೋ ಥೀಮು ಲಾಂಚರು ಹಾಕ್ಕೊಳ್ಳೋದು ಇರೋ ದಾರಿಗಳಲ್ಲೆಲ್ಲಾ ಕೆಟ್ಟದ್ದು, ದೊಡ್ಡ ಬಟನ್ನಿನ ನಷ್ಟ ಪೂರ್ತಿ ಸಿಗತ್ತೆ, ಬೆರಳಿನ ಲಾಭ ಒಂಚೂರೂ ಸಿಗಲ್ಲ.

ಟ್ರ್ಯಾಕ್‌ಪ್ಯಾಡ್

ಸ್ಕ್ರೋಲು, ಜೂಮು, ಮೂರು ಬೆರಳಲ್ಲಿ ಆಪ್ ಬದಲಾಯಿಸೋದು, ಇಷ್ಟೇ ಬೇಕಿದ್ದವ್ರು ಇಲ್ಲೇ ನಿಂತ್ಬಿಡಿ. ಕೈ ಮೇಜಿನ ಮೇಲೇ ಇರತ್ತೆ, ಗಾಜು ಗಲೀಜಾಗಲ್ಲ, ಬಾಣದ ಗುರುತು ಇರೋದ್ರಿಂದ ಚಿಕ್ಕ ಬಟನ್ನೂ ಒತ್ಬಹುದು, ಹೋವರ್ರೂ ಉಳಿಯತ್ತೆ. ಫೋನಿನ ಹಿತ ಅಂತ ನಾವು ಏನನ್ನ ಅಂತೀವೋ ಅದರಲ್ಲಿ ಮುಕ್ಕಾಲು ಪಾಲು ಗಾಜು ಮುಟ್ಟೋದ್ರಲ್ಲಿಲ್ಲ, ಬೆರಳು ಜಾರಿದಷ್ಟೇ ಪುಟನೂ ಜಾರಿ ನಿಧಾನಕ್ಕೆ ನಿಲ್ಲೋದ್ರಲ್ಲಿದೆ, ಅದು ಒಳ್ಳೇ ಟ್ರ್ಯಾಕ್‌ಪ್ಯಾಡಲ್ಲೂ ಸಿಗತ್ತೆ.

ಮ್ಯಾಕಲ್ಲಿ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡ್ 2010ರಿಂದ ಇದೆ, ಕಣ್ಣು ಮುಚ್ಕೊಂಡು ತಗೊಳ್ಳಿ. ಲಿನಕ್ಸಲ್ಲೂ ಅದು ಬೇರೆ ಡ್ರೈವರ್ ಹಾಕದೇ ನಡೆಯತ್ತೆ, ಗ್ನೋಮ್ 40 ಬಂದ್ಮೇಲೆ, ಅಂದ್ರೆ 2021ರಿಂದ, ವೇಲ್ಯಾಂಡ್ (ಲಿನಕ್ಸಲ್ಲಿ ಪರದೆ ಮೇಲೆ ಕಿಟಕಿಗಳನ್ನ ತೋರಿಸೋ ಹೊಸ ವ್ಯವಸ್ಥೆ, ಹಳೇದರ ಹೆಸರು ಎಕ್ಸ್11) ಸೆಷನಲ್ಲಿ ಮೂರು ಬೆರಳು ಮೇಲಕ್ಕೆ ಎಳೆದ್ರೆ ಓವರ್‌ವ್ಯೂ, ಪಕ್ಕಕ್ಕೆ ಎಳೆದ್ರೆ ವರ್ಕ್‌ಸ್ಪೇಸ್, ಬೆರಳಿನ ಜೊತೆಗೇ ಪರದೆ ಚಲಿಸತ್ತೆ. ಇನ್ನೂ ಎಕ್ಸ್11ರಲ್ಲೇ ಇರೋರು ಟಚೆಗ್ ಅನ್ನೋ ಜೆಸ್ಚರ್ ಟೂಲ್ ಹಾಕ್ಕೋಬೇಕು. ವಿಂಡೋಸಲ್ಲಿ ಮಾತ್ರ ಹುಷಾರು, ಹೊರಗಿಂದ ಹಾಕೋ ಟಚ್‌ಪ್ಯಾಡ್‌ಗಳಲ್ಲಿ ಎಷ್ಟೋ ಬರೀ ಮೌಸ್ ಥರ ನಟಿಸೋವು, ಡಬ್ಬಿ ಮೇಲೆ ಪ್ರಿಸಿಷನ್ ಟಚ್‌ಪ್ಯಾಡ್ ಅಂತ ಇದ್ರೆ ಮಾತ್ರ ವಿಂಡೋಸಿನ ಎಲ್ಲಾ ಜೆಸ್ಚರ್ ಸಿಗೋದು. ನಿಖರವಾಗಿ ಎಳೆಯೋ ಕೆಲಸಕ್ಕೆ, ಗೇಮಿಗೆ, ಪಕ್ಕದಲ್ಲಿ ಮೌಸ್ ಹಾಗೇ ಇರ್ಲಿ, ಎಡಗೈಗೆ ಟ್ರ್ಯಾಕ್‌ಪ್ಯಾಡ್ ಬಲಗೈಗೆ ಮೌಸ್ ಇಟ್ಕೊಂಡ್ರೆ ಎರಡೇ ದಿನಕ್ಕೆ ಒಗ್ಗತ್ತೆ, ನಂಗೆ ಕೇಳಿದ್ರೆ ಇದೇ ಎಲ್ಲಕ್ಕಿಂತ ಒಳ್ಳೇ ಜೋಡಿ.

ಮನೇಲಿರೋ ಟ್ಯಾಬ್ಲೆಟನ್ನೇ ಎರಡನೇ ಸ್ಕ್ರೀನ್ ಮಾಡ್ಕೊಳ್ಳೋದು

ಇದು ಜನ ಮರೆಯೋ ದಾರಿ. ಟ್ಯಾಬ್ಲೆಟ್ ಕೀಬೋರ್ಡ್ ಪಕ್ಕ ಮಲಗಿರತ್ತೆ, ಅಂದ್ರೆ ಟಚ್ಚಿಗೆ ಸರಿಯಾದ ಕೋನದಲ್ಲೇ ಇರತ್ತೆ, ದೊಡ್ಡ ಮಾನಿಟರ್ ಕಣ್ಣಿಗೆ, ಚಿಕ್ಕದು ಕೈಗೆ. ವಿಂಡೋಸಿಗೆ ಸ್ಪೇಸ್‌ಡೆಸ್ಕ್ ಅನ್ನೋ ಆಪ್ ಇದೆ, ಆಂಡ್ರಾಯ್ಡ್ ಟ್ಯಾಬ್ಲೆಟ್ ಐಪ್ಯಾಡ್ ಎರಡಕ್ಕೂ ನಡೆಯತ್ತೆ, ಬೆರಳಿನ ಟಚ್ಚೂ ಕಂಪ್ಯೂಟರಿಗೆ ಹೋಗತ್ತೆ. ಡ್ಯುಯೆಟ್ ಡಿಸ್‌ಪ್ಲೇನೂ ಅದೇ ಜಾತಿದು. ಮ್ಯಾಕ್ ಮತ್ತೆ ಐಪ್ಯಾಡ್ ಎರಡೂ ಇದ್ರೆ 2019ರಿಂದ ಬಂದಿರೋ ಸೈಡ್‌ಕಾರ್ ಸಾಕು, ಆದ್ರೆ ಒಂದು ಮಾತು, ಅದರಲ್ಲಿ ಬೆರಳಿಂದ ಸ್ಕ್ರೋಲು ಮತ್ತೆ ಕೆಲವು ಜೆಸ್ಚರ್ ಮಾತ್ರ, ಮ್ಯಾಕಿನ ಬಟನ್ ಒತ್ತೋಕೆ ಆಪಲ್ ಪೆನ್ಸಿಲ್ ಬೇಕು. ಬೆರಳಲ್ಲೇ ಎಲ್ಲಾ ಆಗತ್ತೆ ಅಂದ್ಕೊಂಡು ಐಪ್ಯಾಡ್ ತಗೋಬೇಡಿ. ವೈಫೈ ಮೇಲೆ ನಡೆಸಿದ್ರೆ ಸ್ವಲ್ಪ ಹಿಂದೆ ಬೀಳತ್ತೆ, ವೈರ್ ಹಾಕಿದ್ರೆ ಎಷ್ಟೋ ವಾಸಿ. ಚಿತ್ರ ಬಿಡಿಸೋರು ಬೆರಳಿನ ಟಚ್ ವಿಷಯನೇ ಬಿಟ್ಟು ವ್ಯಾಕಮ್ ಥರದ ಪೆನ್ ಡಿಸ್‌ಪ್ಲೇ ಕಡೆ ಹೋಗಿ, ಪೆನ್ನಿಗೆ ಹೋವರ್ ಇದೆ, ಒತ್ತಡ ಗೊತ್ತಾಗತ್ತೆ, ಅಂಗೈ ಊರಿದ್ರೂ ಗೆರೆ ಬೀಳಲ್ಲ.

ಓಎಸ್ ಯಾವುದು?

ಟಚ್ ಸ್ಕ್ರೀನೇ ಬೇಕು ಅಂತ ತೀರ್ಮಾನ ಆದವ್ರಿಗೆ ಮಾತ್ರ ಈ ಭಾಗ. ವಿಂಡೋಸ್ 11 ಆಪ್‌ಗಳ ಲೆಕ್ಕದಲ್ಲಿ ಮುಂದಿದೆ, ಆದ್ರೆ ಒಂದು ಮೋಸ ಇದೆ, ಟ್ಯಾಬ್ಲೆಟಿಗೆ ಅಂತ ಮಾಡಿರೋ ಟಾಸ್ಕ್‌ಬಾರ್ ಕೀಬೋರ್ಡ್ ಕಿತ್ತು ಅಥವಾ ಮಡಚಿ ಬಳಸೋ ಯಂತ್ರಗಳಿಗೆ ಮಾತ್ರ, ಡೆಸ್ಕ್‌ಟಾಪಿಗೆ ಟಚ್ ಮಾನಿಟರ್ ಹಾಕಿದ್ರೆ ಅದು ಬರಲ್ಲ. ಹಾಗಾಗಿ ಕೈಯಾರೆ ಸರಿ ಮಾಡ್ಕೋಬೇಕು: ಸ್ಕೇಲಿಂಗ್ ಏರಿಸಿ, ಟಾಸ್ಕ್‌ಬಾರ್ ಸೆಟ್ಟಿಂಗಲ್ಲಿ ಟಚ್ ಕೀಬೋರ್ಡ್ ಐಕಾನ್ ಯಾವಾಗ್ಲೂ ಕಾಣೋ ಹಾಗೆ ಇಡಿ, ಫೈಲ್ ಎಕ್ಸ್‌ಪ್ಲೋರರಲ್ಲಿ ಕಾಂಪ್ಯಾಕ್ಟ್ ವ್ಯೂ ತೆಗೆದು ಐಟಂ ಚೆಕ್‌ಬಾಕ್ಸ್ ಹಾಕಿ (ಇಲ್ಲಾಂದ್ರೆ ಬೆರಳಲ್ಲಿ ನಾಲ್ಕು ಫೈಲ್ ಆರಿಸೋದ್ರೊಳಗೆ ಸಾಕಾಗತ್ತೆ), ವರ್ಡ್ ಎಕ್ಸೆಲಲ್ಲಿ ಟಚ್ ಮೋಡ್ ಅಂತ ಒಂದು ಬಟನ್ ಇದೆ, ಅದನ್ನ ಮೇಲಿನ ಪಟ್ಟಿಗೆ ಸೇರಿಸ್ಕೊಳ್ಳಿ, ಒತ್ತಿದ್ರೆ ರಿಬ್ಬನ್ ಬಟನ್‌ಗಳ ಮಧ್ಯೆ ಜಾಗ ಬಿಟ್ಕೊಳ್ಳತ್ತೆ.

ಲಿನಕ್ಸಲ್ಲಿ ಗ್ನೋಮ್ ನೋಡೋಕೇ ಟ್ಯಾಬ್ಲೆಟ್ ಥರ, ಬಟನ್ ದೊಡ್ಡದು, ಸುತ್ತ ಜಾಗ ಧಾರಾಳ, ಮೌಸ್ ಬಳಸೋರು ಇದನ್ನೇ ಬೈತಾರೆ, ಟಚ್ಚಲ್ಲಿ ಅದೇ ವರ. ಪರದೆ ಮೇಲಿನ ಕೀಬೋರ್ಡ್ ಮಾತ್ರ ಇನ್ನೂ ಸಾಧಾರಣ. ಕೆಡಿಇ ಪ್ಲಾಸ್ಮಾ ಅನ್ನೋ ಇನ್ನೊಂದು ಲಿನಕ್ಸ್ ಇಂಟರ್‌ಫೇಸಲ್ಲಿ ಟಚ್ ಮೋಡ್ ಅಂತ ಸೆಟ್ಟಿಂಗ್ ಇದೆ, ಆಟೋಮ್ಯಾಟಿಕ್, ಯಾವಾಗ್ಲೂ, ಬೇಡ್ವೇ ಬೇಡ ಅಂತ ಮೂರು ಆಯ್ಕೆ, ಡೆಸ್ಕ್‌ಟಾಪಲ್ಲಿ ಯಾವಾಗ್ಲೂ ಅಂತ ಇಟ್ರೆ ಐಕಾನು ಪಟ್ಟಿ ಎಲ್ಲಾ ದಪ್ಪ ಆಗತ್ತೆ, ವಿಂಡೋಸಿಂದ ಬಂದವ್ರಿಗೆ ಇದು ಸಲೀಸು. ಫೈರ್‌ಫಾಕ್ಸಲ್ಲಿ ಬೆರಳು ಎಳೆದ್ರೆ ಸ್ಕ್ರೋಲ್ ಆಗೋ ಬದ್ಲು ಅಕ್ಷರ ಸೆಲೆಕ್ಟ್ ಆಗ್ತಿದ್ರೆ ನೀವು ಬಹುಶಃ ಎಕ್ಸ್11ರಲ್ಲಿದ್ದೀರಿ, ವೇಲ್ಯಾಂಡಿಗೆ ಬನ್ನಿ. ಕ್ರೋಮ್ಓಎಸ್ ಟಚ್ಚಲ್ಲಿ ಚೆನ್ನಾಗಿದೆ, ಆಂಡ್ರಾಯ್ಡ್ ಆಪ್‌ನೂ ಹಿಡಿಯತ್ತೆ, ಬ್ರೌಸರಲ್ಲೇ ಎಲ್ಲಾ ಕೆಲಸ ಮುಗಿಯೋರಿಗೆ ಸಾಕು.

ಬೇಕಿರೋದು ಫೋನಿನ ಆಪ್ ಮಾತ್ರ ಅಂದ್ರೆ

ಆಗ ಟಚ್ ಹಾರ್ಡ್‌ವೇರ್ ಬೇಕಾಗೇ ಇಲ್ಲ. ಒಂದು ಮೆಸೇಜಿಂಗ್ ಆಪಿಗೋಸ್ಕರ ಬ್ಲೂಸ್ಟ್ಯಾಕ್ಸ್ ಅನ್ನೋ ಎಮ್ಯುಲೇಟರ್ (ಕಂಪ್ಯೂಟರಲ್ಲಿ ಆಂಡ್ರಾಯ್ಡ್ ಆಪ್ ಓಡಿಸೋ ಸಾಫ್ಟ್‌ವೇರ್) ಹಾಕಿ ಅರ್ಧ ರ್‍ಯಾಮ್ ಕೊಡೋದು ಮೂಗಿಗಿಂತ ಮೂಗುತಿ ಭಾರ, ಅದೇ ಆಪಿನ ವೆಬ್ ಆವೃತ್ತಿ ಇದೆಯಾ ಅಂತ ಮೊದ್ಲು ನೋಡಿ. ಗೇಮಿಗೆ ಬ್ಲೂಸ್ಟ್ಯಾಕ್ಸೋ ಗೂಗಲ್ ಪ್ಲೇ ಗೇಮ್ಸೋ ಸರಿ, ಟಚ್ ಮಾಡೋ ಜಾಗಗಳಿಗೆ ಕೀ ಕೂರಿಸ್ಬಹುದು. ವಿಂಡೋಸ್ 11ರ ಒಳಗೇ ಆಂಡ್ರಾಯ್ಡ್ ಓಡಿಸೋ ವ್ಯವಸ್ಥೆ ಇತ್ತಲ್ಲ, ಅದನ್ನ ಮೈಕ್ರೋಸಾಫ್ಟ್ 2025ರ ಮಾರ್ಚಲ್ಲಿ ಮುಚ್ಚಿತು, ಹಳೇ ವಿಡಿಯೋ ನೋಡಿ ಹುಡುಕ್ತಾ ಕೂರಬೇಡಿ. ಲಿನಕ್ಸಲ್ಲಿ ವೇಡ್ರಾಯ್ಡ್ ವೇಗವಾಗಿದೆ, ಆದ್ರೆ ವೇಲ್ಯಾಂಡ್ ಬೇಕು, ಬ್ಯಾಂಕಿನ ಆಪ್‌ಗಳು ಅದನ್ನ ನಂಬಲ್ಲ, ಮೊಂಡು ಹಿಡೀತವೆ. ಆಪಲ್ಲಿನ ಎಂ1 ಚಿಪ್ ಅಥವಾ ಅದರ ಆಮೇಲಿನ ಚಿಪ್ ಇರೋ ಮ್ಯಾಕ್‌ಗಳಲ್ಲಿ ಐಫೋನ್ ಐಪ್ಯಾಡ್ ಆಪ್ ನೇರವಾಗಿ ಓಡ್ತವೆ, ಡೆವಲಪರ್ ಒಪ್ಪಿದ್ರೆ ಮಾತ್ರ, ತುಂಬಾ ಜನ ಒಪ್ಪಿಲ್ಲ.

ಇವೆಲ್ಲಕ್ಕಿಂತ ನಂಗೆ ಇಷ್ಟ ಎಸ್‌ಸಿಆರ್‌ಸಿಪಿವೈ (scrcpy) ಅನ್ನೋ ಪುಕ್ಕಟೆ ಟೂಲ್. ಫೋನನ್ನ ಯುಎಸ್‌ಬಿಲಿ ಹಾಕಿ ಡೆವಲಪರ್ ಆಯ್ಕೆಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿದ್ರೆ ಫೋನಿನ ಪರದೆನೇ ಒಂದು ಕಿಟಕಿಯಲ್ಲಿ ಬರತ್ತೆ, ಮೌಸ್ ಬೆರಳಾಗತ್ತೆ, ಕೀಬೋರ್ಡಲ್ಲಿ ಟೈಪ್ ಮಾಡ್ಬಹುದು. ಆಪ್ ಓಡೋದು ನಿಜವಾದ ಫೋನಲ್ಲೇ ಆದ್ರಿಂದ ಎಮ್ಯುಲೇಟರಲ್ಲಿ ಬರೋ ಕಿರಿಕಿರಿ ಬಹಳಷ್ಟು ಇಲ್ಲ, ಬ್ಯಾಂಕಿನ ಕೆಲವು ಆಪ್ ಮಾತ್ರ ಸ್ಕ್ರೀನ್ ಕಪ್ಪು ಮಾಡ್ತವೆ, ಡೀಬಗ್ಗಿಂಗ್ ಆನ್ ಇದ್ರೆ ತೆರೆಯೋದೇ ಇಲ್ಲ ಅನ್ನೋವೂ ಇವೆ. ಕೆಲಸ ಮುಗಿದ್ಮೇಲೆ ಆ ಡೀಬಗ್ಗಿಂಗ್ ಆಫ್ ಮಾಡೋದು ಮರೀಬೇಡಿ.

ಕೊನೇದು, ಫೋನನ್ನೇ ಡೆಸ್ಕ್‌ಟಾಪ್ ಮಾಡೋದು

ಮೊಟೊರೋಲಾ 2011ರಲ್ಲೇ ಏಟ್ರಿಕ್ಸ್ ಅನ್ನೋ ಫೋನನ್ನ ಲ್ಯಾಪ್‌ಡಾಕಿಗೆ (ಲ್ಯಾಪ್‌ಟಾಪ್ ಥರದ ಪರದೆ ಕೀಬೋರ್ಡಿಗೆ) ಸಿಕ್ಕಿಸಿತ್ತು, 2015ರಲ್ಲಿ ಲೂಮಿಯಾ 950 ಜೊತೆ ಮೈಕ್ರೋಸಾಫ್ಟ್ ಕಂಟಿನ್ಯೂಮ್ ಅಂತ ತಂತು, ಎರಡೂ ಉಳೀಲಿಲ್ಲ. ಉಳಿದದ್ದು ಸ್ಯಾಮ್‌ಸಂಗ್ ಡೆಕ್ಸ್, 2017ರ ಗ್ಯಾಲಕ್ಸಿ ಎಸ್8 ಜೊತೆ ಬಂದದ್ದು, ಮೊದ್ಲು ಅದಕ್ಕೆ ಬೇರೆ ಡಾಕ್ ಬೇಕಿತ್ತು, ಮಾರನೇ ವರ್ಷದ ನೋಟ್ 9ರಿಂದ ಬರೀ ಕೇಬಲ್ ಸಾಕಾಯ್ತು. ಮಾನಿಟರಿಗೆ ಹಾಕಿದ್ರೆ ಕಿಟಕಿ, ಟಾಸ್ಕ್‌ಬಾರ್ ಎಲ್ಲಾ ಬರತ್ತೆ, ಫೋನಿನ ಪರದೆನೇ ಟಚ್‌ಪ್ಯಾಡ್ ಆಗತ್ತೆ, ಅಂದ್ರೆ ಟಚ್ ಇರೋದು ಕೈಯಲ್ಲೇ, ತೋಳು ಎತ್ತೋ ಪ್ರಮೇಯ ಇಲ್ಲ. ಇಮೇಲು, ಬ್ರೌಸರು, ಡಾಕ್ಯುಮೆಂಟು, ವಿಡಿಯೋ ಇಷ್ಟಕ್ಕೆ ಧಾರಾಳ ಸಾಕು, ಹತ್ತಾರು ಟ್ಯಾಬ್ ತೆಗೆದು ದೊಡ್ಡ ಶೀಟ್ ಜೊತೆ ಗುದ್ದಾಡೋರಿಗೆ ಸಾಲಲ್ಲ, ಕೆಲವು ಆಪ್ ಫೋನಿನ ಆಕಾರದಲ್ಲೇ ಉದ್ದಕ್ಕೆ ನಿಂತ್ಬಿಡ್ತವೆ.

ಇದಕ್ಕೆ ಕೇಬಲ್ ತಗೊಳ್ಳೋ ಮುಂಚೆ ಫೋನಿನ ಸ್ಪೆಸಿಫಿಕೇಷನ್ ಪುಟ ತೆಗೆದು ಯುಎಸ್‌ಬಿ ಸಾಲು ಓದಿ. ಯುಎಸ್‌ಬಿ-ಸಿ ಕಿಂಡಿ ಇದೆ ಅಂದಮಾತ್ರಕ್ಕೆ ಚಿತ್ರ ಹೊರಗೆ ಬರಲ್ಲ, ಡಿಸ್‌ಪ್ಲೇಪೋರ್ಟ್ ಸಪೋರ್ಟ್ ಇರ್ಬೇಕು. ಅಲ್ಲಿ ಬರೀ ಯುಎಸ್‌ಬಿ 2.0 ಅಂತ ಬರೆದಿದ್ರೆ ಎಷ್ಟು ಒಳ್ಳೇ ಕೇಬಲ್ ತಂದ್ರೂ ಮಾನಿಟರ್ ಕಪ್ಪಗೇ ಇರತ್ತೆ, ಚಾರ್ಜ್ ಮಾತ್ರ ಆಗತ್ತೆ.